ಕ್ಯಾಂಪರ್ ಕಟ್ಟಿಕೊಂಡು ಘಟ್ಟ ಇಳಿಯುವುದು ಹೇಗೆ

ನಮ್ಮದು ಮಂಡ್ಯ ಪಕ್ಕದ ಹಳ್ಳಿ. ಕಬ್ಬಿನ ಟ್ರೈಲರ್ ನೋಡುತ್ತಲೇ ಬೆಳೆದವನು ನಾನು. ಈಗ ನಮ್ಮ ಸ್ಕಾರ್ಪಿಯೋ ಹಿಂದೆ ಪುಟ್ಟ ಕ್ಯಾಂಪರ್ ಇದೆ, ಅಂದರೆ ಕಾರಿಗೆ ಕಟ್ಟಿ ಎಳೆದುಕೊಂಡು ಹೋಗುವ, ಒಳಗೇ ಮಲಗಬಹುದಾದ ಗಾಡಿ. ವರ್ಷಕ್ಕೊಮ್ಮೆ ಮೈಸೂರು, ಗುಂಡ್ಲುಪೇಟೆ, ಬಂಡೀಪುರ, ಗೂಡಲೂರು ದಾರಿಯಲ್ಲಿ ಊಟಿಗೆ ಹತ್ತುತ್ತೇವೆ. ಇಳಿಯುವಾಗ ಮುದುಮಲೈ ಕಾಡಿನ ಪಕ್ಕ ಎರಡು ದಿನ ಇರುತ್ತೇವೆ.

ಮೊದಲು ತೂಕ ನೋಡಿ. ಎತ್ತಿನ ಗಾಡಿಗೆ ಹೇರುವುದನ್ನು ನೋಡಿದ್ದೀರಿ ಅಲ್ವಾ? ಹಿಂಭಾರವಾದರೆ ನೊಗ ಮೇಲೇಳುತ್ತದೆ, ಎತ್ತಿನ ಕೊರಳು ಬಿಗಿಯುತ್ತದೆ. ಇಲ್ಲೂ ಅದೇ. ಹಿಂಭಾರವಾದ ಕ್ಯಾಂಪರ್ ಕಾರಿನ ಹಿಂಬದಿಯನ್ನೇ ಎತ್ತುತ್ತದೆ, ವೇಗ ಬಂದರೆ ಅತ್ತಿಂದಿತ್ತ ಓಲಾಡುತ್ತದೆ. ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಕ್ಯಾಂಪರನ್ನು ಕಾರಿಗೆ ಸಿಕ್ಕಿಸುವ ಕೊಂಡಿಯ ಮೇಲೆ ಕೂರಬೇಕು. ನಮ್ಮದು ಸಾಮಾನು ಸೇರಿ 700 ಕೆ.ಜಿ., ಕೊಂಡಿಯ ಮೇಲೆ 80. ಒಟ್ಟು ತೂಕ ವೇಬ್ರಿಡ್ಜ್‌ನಲ್ಲಿ ನೋಡಿದೆ. ಕೊಂಡಿಯದನ್ನು ಮನೆಯಲ್ಲೇ, ರಾಗಿ ಮೂಟೆ ತೂಗುವ ತಕ್ಕಡಿಯ ಮೇಲೆ ಮರದ ದಿಮ್ಮಿ ನಿಲ್ಲಿಸಿ ತೂಗಿದೆ. ನೀರಿನ ಕ್ಯಾನು, ಗ್ಯಾಸ್ ಸ್ಟವ್‌ನಂಥ ಭಾರದವು ಚಕ್ರದ ನೇರಕ್ಕೆ, ನೆಲಕ್ಕೆ ಹತ್ತಿರ ಇರಲಿ.

ಊಟಿ ಇರುವ ನೀಲಗಿರಿ ಜಿಲ್ಲೆಗೆ ಹೋಗಲು ಇ-ಪಾಸ್, ಅಂದರೆ ಆನ್‌ಲೈನ್ ಪ್ರವೇಶ ಅನುಮತಿ, ಮಾಡಿಸಿಕೊಳ್ಳಿ. ನೀರಿಗೆ ಪ್ಲಾಸ್ಟಿಕ್ ಬಾಟಲಿ ಬೇಡ, ಚೆಕ್‌ಪೋಸ್ಟ್‌ನಲ್ಲಿ ತೆಗೆಸುತ್ತಾರೆ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಕಾಡಿನೊಳಗೆ ಗಾಡಿ ನಿಲ್ಲಿಸುವ ಹಾಗಿಲ್ಲ. ಅದಕ್ಕೇ ಗುಂಡ್ಲುಪೇಟೆಯಲ್ಲೇ ಇಳಿದು ಕೊಂಡಿ, ಸರಪಳಿ, ಲೈಟು, ಟೈರಿನ ಗಾಳಿ ನೋಡಿಬಿಡಿ.

ಹತ್ತಿರ ಅಂತ ಮಸಿನಗುಡಿ ಮೇಲಿನ ಕಲ್ಲಟ್ಟಿ ಘಟ್ಟಕ್ಕೆ ಹೋಗಬೇಡಿ. ಅಲ್ಲಿ 36 ಹೇರ್‌ಪಿನ್ ತಿರುವುಗಳಿವೆ. ಗೂಡಲೂರು ದಾರಿ ಸುತ್ತು, ಆದರೆ ಇಳಿಜಾರು ಮೆದು. ತಿರುವಿನಲ್ಲಿ ಕ್ಯಾಂಪರ್ ಚಕ್ರ ಕಾರಿನ ಜಾಡು ಹಿಡಿಯುವುದಿಲ್ಲ, ಒಳಕ್ಕೆ ಕತ್ತರಿಸುತ್ತದೆ. ಸ್ವಲ್ಪ ಅಗಲಕ್ಕೆ ಹೋಗಿ ತಿರುಗಿಸಿ. ಹತ್ತುವಾಗ ಎಂಜಿನ್ ಬಿಸಿ ಏರಿದರೆ ಎ.ಸಿ. ಆಫ್ ಮಾಡಿ.

ಹತ್ತುವುದು ಹೇಗೋ ಆಗುತ್ತದೆ. ಇಳಿಯುವುದೇ ಕಷ್ಟ. ಊಟಿ ಇರುವುದು 2,240 ಮೀಟರ್ ಎತ್ತರದಲ್ಲಿ. ಗೂಡಲೂರಿಗೆ ಬರುವ 50 ಕಿಲೋಮೀಟರ್‌ನಲ್ಲಿ ಸಾವಿರ ಮೀಟರ್‌ಗೂ ಜಾಸ್ತಿ ಇಳಿಯುತ್ತೀರಿ. ಮೊದಲ ಸಲ ನಾನು ಮೂರನೇ ಗೇರ್‌ನಲ್ಲಿ, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಬಂದೆ. ನಡುವಟ್ಟಂ ದಾಟುವಾಗ ಸುಟ್ಟ ವಾಸನೆ ಬಂತು. ಪೆಡಲ್ ಮೆತ್ತಗೆ ಒಳಕ್ಕೆ ಹೋಯಿತು. ಹಿಂದಿನ ಸೀಟಿನಲ್ಲಿ ಮಗಳು ನಿದ್ದೆ ಮಾಡುತ್ತಿದ್ದಳು. ಗೇರ್ ಇಳಿಸುತ್ತಾ ಬಂದು, ಅಗಲ ಸಿಕ್ಕ ಕಡೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟೆ. ಮುಕ್ಕಾಲು ಗಂಟೆ ಅಲ್ಲೇ ಕೂತೆವು. ಕಾದ ಬ್ರೇಕ್ ಡಿಸ್ಕ್‌ಗೆ ನೀರು ಮಾತ್ರ ಹಾಕಬೇಡಿ, ಸೊಟ್ಟಗಾಗುತ್ತದೆ.

ಇಳಿಜಾರು ಶುರುವಾಗುವ ಮೊದಲೇ ಎರಡನೇ ಗೇರ್‌ಗೆ ಬನ್ನಿ, ಎಂಜಿನ್ನೇ ಗಾಡಿಯನ್ನು ಹಿಡಿಯಲಿ. ವೇಗ ಏರಿದಾಗ ಬ್ರೇಕನ್ನು ಒಮ್ಮೆ ಗಟ್ಟಿಯಾಗಿ ಒತ್ತಿ, ವೇಗ ತಗ್ಗಿಸಿ, ಪೂರ್ತಿ ಬಿಡಿ. ಸುಮ್ನೆ ಸವರುತ್ತಾ ಇರಬೇಡಿ. ಕ್ಯಾಂಪರ್ ಓಲಾಡಿದರೆ ಸ್ಟೀರಿಂಗ್ ನೆಟ್ಟಗೆ ಹಿಡಿದು ಆಕ್ಸಿಲರೇಟರ್ ಬಿಡಿ, ಗಾಬರಿಯಲ್ಲಿ ಬ್ರೇಕ್ ತುಳಿಯಬೇಡಿ. ಮೇಲೆ ಹತ್ತುವ ಗಾಡಿಗೆ ದಾರಿ ಬಿಡಿ. ಹಿಂದೆ ಬಸ್ಸು ಹಾರನ್ ಹೊಡೆದರೆ ಜಾಗ ನೋಡಿ ಪಕ್ಕಕ್ಕೆ ಸರಿಯಿರಿ, ವೇಗ ಹೆಚ್ಚಿಸಬೇಡಿ.

ಗೂಡಲೂರು ದಾಟಿ ತೆಪ್ಪಕಾಡಿನಲ್ಲಿ ಬಲಕ್ಕೆ ತಿರುಗಿದರೆ ಮಸಿನಗುಡಿ. ಕಾಡಿನಲ್ಲಿ ಕ್ಯಾಂಪರ್ ಹಾಕಲು ಬಿಡುವುದಿಲ್ಲ. ಕ್ಯಾಂಪರ್ ನಿಲ್ಲಿಸಲು, ತಿರುಗಿಸಲು ಜಾಗ ಇದೆಯಾ ಅಂತ ಹೋಂಸ್ಟೇಯವರನ್ನು ಮೊದಲೇ ಕೇಳಿ. ಸಫಾರಿಗೆ ಅರಣ್ಯ ಇಲಾಖೆಯ ಗಾಡಿಯಲ್ಲೇ ಹೋಗಬೇಕು. ಹೋದ ಸಲ ಅಲ್ಲಿ ಇಳಿದ ಕೂಡಲೇ ನಾಲ್ಕೂ ಚಕ್ರದ ಹತ್ತಿರ ಬಗ್ಗಿ ಮೂಸಿ ನೋಡಿದೆ. ಸುಟ್ಟ ವಾಸನೆ ಇರಲಿಲ್ಲ.