ಮಾಡ್ಯುಲರ್ ಸಿಂಥ್‌ಗೆ ಗಿಟಾರ್ ಪೆಡಲ್: ಲ್ಯಾಮಿಂಗ್ಟನ್ ರೋಡ್ ಸಾಮಾನಿನಲ್ಲೇ ಆಯಿತು

ಗಿಟಾರ್ ಪೆಡಲ್‌ಗಳನ್ನು ಮಾಡ್ಯುಲರ್ ಸಿಂಥ್‌ಗೆ (ರ‍್ಯಾಕಿನಲ್ಲಿ ಬಿಡಿ ಮಾಡ್ಯೂಲ್‌ಗಳನ್ನು ಕೇಬಲ್ಲಿನಿಂದ ಸೇರಿಸಿ ಧ್ವನಿ ಹುಟ್ಟಿಸುವ ವಾದ್ಯ) ಜೋಡಿಸುತ್ತೇನೆ ಅಂದಾಗ ನಮ್ಮ ಬಳಗದಲ್ಲಿ ಯಾರೂ ಒಪ್ಪಲಿಲ್ಲ. ಮುಂಬೈಯ ಮಾಟುಂಗಾದಲ್ಲಿ ಸೇರುವ ನಾಲ್ಕೈದು ಜನ ನಾವು, ಹೆಚ್ಚಿನವರು ಉಡುಪಿ, ಕುಂದಾಪುರ ಕಡೆಯವರು. "ಎಂಥ ಮಾರಾಯ, ಹತ್ತು ವೋಲ್ಟ್ ತಗೊಂಡು ಹೋಗಿ ಪೆಡಲ್‌ಗೆ ಕೊಡ್ತೀಯಾ? ಸುಟ್ಟು ಹೋಗ್ತದೆ" ಅಂದ ಗಿಟಾರ್ ನುಡಿಸುವ ಗೆಳೆಯ. ಇನ್ನೊಬ್ಬನದು ಬೇರೆ ವಾದ. ಹೊರದೇಶದಿಂದ ಇಂಟರ್‌ಫೇಸ್ (ಎರಡರ ಲೆವೆಲ್ ಹೊಂದಿಸುವ) ಮಾಡ್ಯೂಲ್ ತರಿಸದೆ ಇದು ಸಾಧ್ಯವೇ ಇಲ್ಲ ಅಂತ. ಕಸ್ಟಮ್ಸ್, ಕೊರಿಯರ್ ಎಲ್ಲ ಸೇರಿ ಅದು ಹದಿನೈದು ಸಾವಿರದ ಹತ್ತಿರ ಹೋಗುತ್ತಿತ್ತು. ಅದೇ ಕೆಲಸಕ್ಕೆ ನಾನೇ ಮಾಡಿದ ಡಬ್ಬಿಗೆ ಸಾವಿರ ರೂಪಾಯಿಯೂ ಆಗಲಿಲ್ಲ.

ಮುಖ್ಯ ತೊಡಕು ಲೆವೆಲ್, ಅಂದರೆ ಸಿಗ್ನಲ್ಲಿನ ವೋಲ್ಟೇಜ್ ಮಟ್ಟ. ರ‍್ಯಾಕಿನ ಆಸಿಲೇಟರ್ (ಸ್ವರ ಹುಟ್ಟಿಸುವ ಮಾಡ್ಯೂಲ್) ಕೊಡುವುದು ತುದಿಯಿಂದ ತುದಿಗೆ 10 ವೋಲ್ಟ್. ಪೆಡಲ್ ಕಾಯುವುದು ಗಿಟಾರ್ ಪಿಕಪ್ಪಿನಿಂದ ಬರುವ ಅರ್ಧದಿಂದ ಒಂದು ವೋಲ್ಟನ್ನು. ಒಳಗೆ ಓಡುವುದೇ 9 ವೋಲ್ಟ್ ಸಪ್ಲೈ ಮೇಲೆ. ನನ್ನ ಯಾವ ಪೆಡಲೂ ಸಾಯಲಿಲ್ಲ. ಆದರೆ ನೇರವಾಗಿ ಕೊಟ್ಟರೆ ಫೇಸರ್ (ಧ್ವನಿಯನ್ನು ಅಲೆಯಂತೆ ತೇಲಿಸುವ ಪೆಡಲ್) ಕೂಡ ಕೆಟ್ಟ ಡಿಸ್ಟಾರ್ಶನ್ ಆಗಿಬಿಡುತ್ತದೆ. ವಾಪಸ್ ಬರುವಾಗ ಇನ್ನೊಂದು ತೊಂದರೆ: ಪೆಡಲ್‌ನಿಂದ ಬಂದ ಧ್ವನಿ ರ‍್ಯಾಕಿನ ಫಿಲ್ಟರಿಗೆ ಸಾಲುವುದೇ ಇಲ್ಲ.

ಮೊದಲು ಸೆಕೆಂಡ್ ಹ್ಯಾಂಡ್ ಪ್ಯಾಸಿವ್ ಡಿಐ ಬಾಕ್ಸ್ (ಟ್ರಾನ್ಸ್‌ಫಾರ್ಮರಿನಿಂದ ಲೆವೆಲ್ ಇಳಿಸುವ ಪೆಟ್ಟಿಗೆ) ಹಾಕಿ ನೋಡಿದೆ. ಒಂದೂವರೆ ಸಾವಿರ ಕೊಟ್ಟಿದ್ದೆ. ಲೆವೆಲ್ ಹತ್ತನೇ ಒಂದಕ್ಕೆ ಇಳಿಯಿತು, ಗುಂಯ್ ಶಬ್ದವೂ ನಿಂತಿತು. ಆದರೆ ಅದರೊಳಗಿನ ಅಗ್ಗದ ಟ್ರಾನ್ಸ್‌ಫಾರ್ಮರ್ ಕೆಳಗಿನ ಸ್ವರಗಳನ್ನು ತಡೆದುಕೊಳ್ಳಲಿಲ್ಲ. ಬೇಸ್ ಬಂದ ಕೂಡಲೇ ಒಡೆದ ಸದ್ದು. ಆಮೇಲೆ ರ‍್ಯಾಕಿನ 12 ವೋಲ್ಟಿಗೆ 7809 ರೆಗ್ಯುಲೇಟರ್ ಹಾಕಿ ಪೆಡಲ್‌ಗಳಿಗೆ 9 ವೋಲ್ಟ್ ತೆಗೆದೆ. ಅಡಾಪ್ಟರ್ ಖರ್ಚು ಉಳಿಯಿತು ಅಂದುಕೊಂಡರೆ, ಡಿಜಿಟಲ್ ಡಿಲೇಯ ಕ್ಲಾಕ್ ಸದ್ದು ಗ್ರೌಂಡ್ ಹಿಡಿದು ಇಡೀ ರ‍್ಯಾಕಿಗೆ ಬಂತು. ಸೊಳ್ಳೆಯಂಥ ಕೀರಲು, ಎಲ್ಲ ಚಾನೆಲ್ಲಿನಲ್ಲೂ. ಕೊನೆಗೆ ಔಟ್‌ಪುಟ್‌ಗಳು ಒಂದಕ್ಕೊಂದು ತಾಗದ ಐಸೊಲೇಟೆಡ್ ಪವರ್ ಸಪ್ಲೈ ಕೊಂಡೆ, ಸುಮಾರು ನಾಲ್ಕು ಸಾವಿರ. ಇಡೀ ಕೆಲಸದಲ್ಲಿ ದೊಡ್ಡ ಖರ್ಚು ಅದೇ. ಅದರಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಡಿ. ಪಾಸಿಟಿವ್ ಗ್ರೌಂಡ್ ಇರುವ ಹಳೆ ಜರ್ಮೇನಿಯಂ ಫಝ್ (ಒರಟು ಡಿಸ್ಟಾರ್ಶನ್ ಪೆಡಲ್) ನಿಮ್ಮಲ್ಲಿದ್ದರೆ ಡೇಸಿ ಚೈನ್ (ಒಂದೇ ಸಪ್ಲೈಯನ್ನು ಸರಪಳಿಯಂತೆ ಎಲ್ಲ ಪೆಡಲ್‌ಗೂ ಕೊಡುವುದು) ಯೋಚನೆಯೇ ಬೇಡ, ಶಾರ್ಟ್ ಆಗುತ್ತದೆ.

ಈಗ ಡಬ್ಬಿ. ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಹೋದರೆ ಎಲ್ಲ ಅಲ್ಲೇ ಸಿಗುತ್ತದೆ. ಪೆಡಲ್‌ಗೆ ಹೋಗುವ ದಾರಿಗೆ 100ಕೆ (ಕಿಲೋ ಓಮ್) ರೆಸಿಸ್ಟರ್ ಸೀರೀಸಿನಲ್ಲಿ, ಅದರ ಕೆಳಗೆ 10ಕೆ ಪಾಟ್ (ತಿರುಗಿಸುವ ರೆಸಿಸ್ಟರ್) ಗ್ರೌಂಡಿಗೆ. ಪಾಟ್ ಪೂರ್ತಿ ತಿರುಗಿಸಿದರೂ ಸಿಗುವುದು ಹನ್ನೊಂದನೇ ಒಂದು ಭಾಗ, ಅಂದರೆ ಒಂದು ವೋಲ್ಟಿಗಿಂತ ಸ್ವಲ್ಪ ಕಡಿಮೆ. ಇದರಲ್ಲಿ ಒಂದು ಲಾಭವೂ ಇದೆ. ಪಾಟ್ ಮೇಲಿದ್ದಾಗ ಔಟ್‌ಪುಟ್ ಇಂಪೀಡೆನ್ಸ್ (ಪೆಡಲ್‌ಗೆ ಕಾಣುವ ಒಳಪ್ರತಿರೋಧ) 9ಕೆ ಆಸುಪಾಸು ಬರುತ್ತದೆ. ಸಿಂಗಲ್ ಕಾಯಿಲ್ ಪಿಕಪ್ಪಿನ ಡಿಸಿ ರೆಸಿಸ್ಟೆನ್ಸ್ 6-8ಕೆ ಇರುತ್ತದಲ್ವಾ, ಹೆಚ್ಚುಕಡಿಮೆ ಅದೇ ಅಳತೆ. ರ‍್ಯಾಕಿನಿಂದ ನೇರವಾಗಿ ಕೊಟ್ಟರೆ ಕರ್ಕಶವಾಗುವ ಫಝ್ ಇದರಿಂದ ಅರ್ಧ ಪಳಗುತ್ತದೆ. ಉಳಿದರ್ಧ ಪಳಗಿಸಲು ನಾನೊಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಹಾಕುತ್ತೇನೆ. ಅದನ್ನು ಯಾವ ಹಳೆ ಯಂತ್ರದಿಂದ ಬಿಚ್ಚಿದ್ದು ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ.

ವಾಪಸ್ ದಾರಿಗೆ ಒಂದು ಟಿಎಲ್072 (ಸಿಗ್ನಲ್ ಹಿಗ್ಗಿಸುವ ಐಸಿ). ರ‍್ಯಾಕಿನದೇ ಪ್ಲಸ್ ಮೈನಸ್ 12 ವೋಲ್ಟ್, ಗೇನ್ ಹತ್ತು ಹನ್ನೊಂದು ಪಟ್ಟು. ಐಸಿಗೆ ಇಪ್ಪತ್ತು ಮೂವತ್ತು ರೂಪಾಯಿ, ಜ್ಯಾಕ್, ಪಾಟ್ ಎಲ್ಲ ಸೇರಿ ಇನ್ನೂರೈವತ್ತು, ಅಲ್ಯುಮಿನಿಯಂ ಡಬ್ಬಿಗೆ ಮುನ್ನೂರು ಚಿಲ್ಲರೆ. ಎರಡು ಚಾನೆಲ್ ಮಾಡಿದೆ. ಡೋಪ್ಫರ್ ಎ-119 (ಹೊರಗಿನ ಧ್ವನಿಯನ್ನು ಮಾಡ್ಯುಲರ್ ಮಟ್ಟಕ್ಕೆ ಏರಿಸುವ ಮಾಡ್ಯೂಲ್) ಇದ್ದವರು ವಾಪಸಿಗೆ ಅದನ್ನೇ ಬಳಸಬಹುದು. ಆದರೆ ಅದರ ಎನ್ವಲಪ್ ಫಾಲೋವರ್ (ಧ್ವನಿಯ ಏರಿಳಿತವನ್ನು ವೋಲ್ಟೇಜ್ ಆಗಿಸುವ ಭಾಗ) ನನಗೆ ಬೇರೆ ಕೆಲಸಕ್ಕೆ ಬೇಕಿತ್ತು.

50 ಹರ್ಟ್ಝ್ ಗುಂಯ್ ಸದ್ದು ಬಂದರೆ ಕರೆಂಟ್ ಪ್ಲಗ್ಗಿನ ಮೂರನೇ (ಅರ್ತ್) ಪಿನ್ ಮುರಿಯಬೇಡಿ. ಜೀವಕ್ಕೆ ಅಪಾಯ. ವಾಪಸ್ ದಾರಿಯಲ್ಲಿ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿ, ಸಾಕು. ಪೆಡಲ್‌ನಿಂದ ಬರುವ ಲೆವೆಲ್ ಕಡಿಮೆ, ಹಾಗಾಗಿ ಅಲ್ಲಿ ಚಿಕ್ಕ ಟ್ರಾನ್ಸ್‌ಫಾರ್ಮರಿನಲ್ಲೂ ಸದ್ದು ಒಡೆಯುವುದಿಲ್ಲ.

ಇನ್ನು ಬೇಸ್. ಪೆಡಲ್ ಮಾಡಿದ್ದೇ ಗಿಟಾರಿಗೆ. ಗಿಟಾರಿನ ದಪ್ಪ ತಂತಿ 82 ಹರ್ಟ್ಝ್, ಸಿಂಥ್ ಬೇಸ್ ಅದಕ್ಕೂ ಕೆಳಗೆ ಇಳಿಯುತ್ತದೆ. ಟ್ಯೂಬ್ ಸ್ಕ್ರೀಮರ್ ಮಾದರಿಯ ಪೆಡಲ್‌ಗಳಲ್ಲಂತೂ ಸುಮಾರು 720 ಹರ್ಟ್ಝ್ ಕೆಳಗಿನದಕ್ಕೆ ಡಿಸ್ಟಾರ್ಶನ್ ಕಡಿಮೆಯಾಗುತ್ತಾ ಹೋಗುತ್ತದೆ. ಅದಕ್ಕೇ ನಾನು ಡ್ರೈ (ಪೆಡಲ್‌ಗೆ ಹೋಗದ) ಸಿಗ್ನಲ್ಲನ್ನು ಬೇರೆ ಇಟ್ಟು ಮಿಕ್ಸರಿನಲ್ಲಿ ಸೇರಿಸುತ್ತೇನೆ. ಸೇರಿಸಿದಾಗ ಬೇಸ್ ಇನ್ನೂ ಮಾಯವಾದರೆ ಪೆಡಲ್ ಫೇಸ್ ತಿರುಗಿಸುತ್ತಿದೆ (ಅಲೆಯನ್ನು ತಲೆಕೆಳಗು ಮಾಡುತ್ತಿದೆ) ಅಂತ ಅರ್ಥ. ಅದನ್ನು ಮತ್ತೆ ನೇರ ಮಾಡುವ ಒಂದು ಇನ್ವರ್ಟರ್ ಮಾಡ್ಯೂಲ್ ಹಾಕಿದರೆ ತುಂಬಿಕೊಂಡು ಬರುತ್ತದೆ.

ನನಗೆ ಹೆಮ್ಮೆ ಇರುವುದು ಡಿಲೇ ಪ್ರಯೋಗದಲ್ಲಿ. ಅನಲಾಗ್ ಡಿಲೇಯ ರಿಪೀಟ್ ನಾಬ್ ಸೊನ್ನೆಗೆ ಇಡಿ, ಮಿಕ್ಸ್ ಪೂರ್ತಿ ಎಫೆಕ್ಟ್ ಕಡೆಗೆ. ಫೀಡ್‌ಬ್ಯಾಕನ್ನು ಹೊರಗಡೆಯಿಂದ ಮಾಡಿ. ಡಿಲೇಯಿಂದ ಡಬ್ಬಿಗೆ, ಅಲ್ಲಿಂದ ಬ್ಯಾಂಡ್‌ಪಾಸ್ ಫಿಲ್ಟರಿಗೆ, ವಿಸಿಎಗೆ (ವೋಲ್ಟೇಜಿನಿಂದ ಧ್ವನಿ ಏರಿಳಿಸುವ ಮಾಡ್ಯೂಲ್), ಮಿಕ್ಸರಿಗೆ, ಮತ್ತೆ ಡಬ್ಬಿಯ ಹೋಗುವ ದಾರಿಯಿಂದ ಡಿಲೇಗೆ. ಪ್ರತಿ ಸುತ್ತಿನಲ್ಲೂ ಫಿಲ್ಟರ್ ಇನ್ನಷ್ಟು ಕೆತ್ತುತ್ತದೆ. ವಿಸಿಎ ಮುಚ್ಚಿದರೆ ಒಂದೇ ಪ್ರತಿಧ್ವನಿ. ತೆರೆದರೆ ಸುತ್ತು ಬೆಳೆಯುತ್ತಾ ಹೋಗಿ ಕೊನೆಗೆ ತಾನೇ ಕೂಗಲು ಶುರು ಮಾಡುತ್ತದೆ. ಆ ವಿಸಿಎ ತೆರೆಯಲು ನಾನು ಚೆಂಡೆ ಬಳಸಿದೆ. ಊರಿನ ಯಕ್ಷಗಾನದಲ್ಲಿ ನಾನೇ ರೆಕಾರ್ಡ್ ಮಾಡಿದ ಚೆಂಡೆಯನ್ನು ಎ-119ಗೆ ಕೊಟ್ಟು, ಎನ್ವಲಪ್ಪನ್ನು ವಿಸಿಎಗೆ ಒಯ್ದೆ. ಚೆಂಡೆಯ ಸದ್ದು ಕೇಳಿಸುವುದೇ ಇಲ್ಲ. ಆದರೆ ಉರುಳಿಕೆ ಬಂದಾಗಲೆಲ್ಲ ಪ್ರತಿಧ್ವನಿ ಉಬ್ಬಿ ಮೇಲೇಳುತ್ತದೆ, ನಿಂತ ಕೂಡಲೇ ಇಳಿಯುತ್ತದೆ. "ಸುಟ್ಟು ಹೋಗ್ತದೆ" ಅಂದಿದ್ದ ಗೆಳೆಯ ಇದನ್ನು ಕೇಳಿ "ನನಗೂ ಒಂದು ಡಬ್ಬಿ ಮಾಡಿಕೊಡು ಮಾರಾಯ" ಅಂದ. ಮಾಡಿಕೊಟ್ಟೆ. ಫಿಲ್ಟರನ್ನು ಎಲ್ಲಿ ಟ್ಯೂನ್ ಮಾಡುತ್ತೇನೆ ಅನ್ನುವುದನ್ನು ಮಾತ್ರ ಅವನಿಗೂ ಹೇಳಿಲ್ಲ.

ಎಲೆಕ್ಟ್ರಾನಿಕ್ ತಂಬೂರಿಯನ್ನು ಫೇಸರಿಗೆ ಕೊಟ್ಟು ಅಲ್ಲಿಂದ ರ‍್ಯಾಕಿಗೆ ತಂದದ್ದೂ ಚೆನ್ನಾಗಿ ಬಂತು. ಅದನ್ನು ಇನ್ನೂ ಬೆಳೆಸಬೇಕು.

ಪೆಡಲ್‌ನ ಎಕ್ಸ್‌ಪ್ರೆಶನ್ ಜ್ಯಾಕಿಗೆ (ನಾಬನ್ನು ಹೊರಗಿನಿಂದ ನಡೆಸುವ ಜ್ಯಾಕ್) ಸಿವಿ, ಅಂದರೆ ನಿಯಂತ್ರಣ ವೋಲ್ಟೇಜ್, ಕೊಡುವುದೂ ಸುಲಭ. ಒಂದು ಎಲ್‌ಇಡಿ, ಒಂದು ಎಲ್‌ಡಿಆರ್ (ಬೆಳಕು ಬಿದ್ದರೆ ಪ್ರತಿರೋಧ ಇಳಿಯುವ ರೆಸಿಸ್ಟರ್), ಎರಡನ್ನೂ ಎದುರುಬದುರು ಇಟ್ಟು ಕಪ್ಪು ಹೀಟ್ ಶ್ರಿಂಕ್ ಟ್ಯೂಬಿನಲ್ಲಿ ಮುಚ್ಚಿ. ಇಪ್ಪತ್ತು ರೂಪಾಯಿ ಕೆಲಸ. ಎಲ್‌ಇಡಿಗೆ ಸೀರೀಸ್ ರೆಸಿಸ್ಟರ್ ಇರಲಿ. ಎಲ್‌ಡಿಆರ್ ಜ್ಯಾಕಿನ ಟಿಪ್‌ನಿಂದ (ತುದಿ) ಸ್ಲೀವ್‌ಗೆ (ಬುಡ), ರಿಂಗ್‌ನಿಂದ (ನಡುವಿನ ಉಂಗುರ) ಟಿಪ್‌ಗೆ ಒಂದು ರೆಸಿಸ್ಟರ್. ಬೆಳಕು ಆರಿದ ಮೇಲೆ ಎಲ್‌ಡಿಆರ್ ನಿಧಾನವಾಗಿ ಚೇತರಿಸಿಕೊಳ್ಳುವುದರಿಂದ, ರಿವರ್ಬ್ ಪೆಡಲ್‌ಗೆ ಕೊಟ್ಟರೆ ರಿವರ್ಬ್ ಜಾರುತ್ತಾ ಹಿಂದೆ ಬರುತ್ತದೆ. ವೇಗದ ಸೀಕ್ವೆನ್ಸಿಗೆ ಇದು ಆಗಿಬರುವುದಿಲ್ಲ.

ಮುಂಬೈಯವರಿಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಪ್ಯಾಚ್ ಕೇಬಲ್ಲಿನ ತುದಿಗಳು ಮಬ್ಬಾಗುತ್ತವೆ. ಹತ್ತು ಪಟ್ಟು ಗೇನ್ ಇರುವ ಕಡೆ ಆ ಕರಕರ ಸದ್ದೂ ಹತ್ತು ಪಟ್ಟು. ಐಸಿ ಬದಲಾಯಿಸುವ ಮೊದಲು ಜ್ಯಾಕಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ನೋಡಿ.