ರಾಣಿಪುರದ ಕೆಂಪು ಬಸವನಹುಳು

ಕಾಸರಗೋಡು ಜಿಲ್ಲೆಯ ಮುಳ್ಳೇರಿಯದ ನಮ್ಮ ತೋಟದಲ್ಲಿ ಮಳೆ ಹಿಡಿದರೆ ಆಫ್ರಿಕಾದ ಬಸವನಹುಳುಗಳದ್ದೇ ಕಾಟ. ಬಕೆಟಿಗೆ ಹೆಕ್ಕಿ ಉಪ್ಪು ಸುರಿಯುತ್ತೇವೆ. ಹಾಗಾಗಿ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ನಮ್ಮದೇ ಜಿಲ್ಲೆಯ ರಾಣಿಪುರ ಬೆಟ್ಟದ ಕಾಡುದಾರಿಯಲ್ಲಿ ದೊಡ್ಡದೊಂದು ಹುಳು ಕಂಡಾಗ ಭಾವ ಕೋಲು ಎತ್ತಿದರು. "ಇಲ್ಲಿಗೂ ಬಂತಾ ಇದು?"

"ಭಾವಾ, ನಿಲ್ಲಿ" ಎಂದೆ. ಅದರ ಮೈ ದಾಸವಾಳದ ಹಾಗೆ ಕೆಂಪಗಿತ್ತು.

ಬಣ್ಣ ನೋಡಿ ಹೆಸರು ಹೇಳುವ ಹಾಗಿಲ್ಲ. ಇದೇ ಜಾತಿಯಲ್ಲಿ ಹಳದಿ ಮೈಯವೂ ಇವೆ. ಹಾಗಾಗಿ ಚಿಪ್ಪು ನೋಡಿದೆ. ಆಫ್ರಿಕಾದ್ದಕ್ಕೆ ಉದ್ದ ಚಿಪ್ಪು, ಚೂಪು ತುದಿ, ಕಂದು ಪಟ್ಟೆ. ಇದರದ್ದು ದುಂಡಗೆ, ತೆಳ್ಳಗೆ, ಹೊಳಪು. ಸುತ್ತುಗಳು ಕಡಿಮೆ, ಕೊನೆಯ ಸುತ್ತೇ ಮುಕ್ಕಾಲು ಚಿಪ್ಪು.

ಹುಳುವನ್ನು ನಾನು ಮುಟ್ಟಲಿಲ್ಲ. ಎರಡು ಮಾರು ಆಚೆ ಅಂಥದ್ದೇ ಖಾಲಿ ಚಿಪ್ಪು ಬಿದ್ದಿತ್ತು. ಅದರ ತುದಿ ಮೇಲೆ ಮಾಡಿ, ಬಾಯಿ ನನ್ನ ಕಡೆ ತಿರುಗಿಸಿ ಹಿಡಿದೆ. ಬಾಯಿ ಬಲಕ್ಕಿತ್ತು. ಇದನ್ನು ನೋಡಲೇಬೇಕು, ಯಾಕೆಂದರೆ ಪಶ್ಚಿಮ ಘಟ್ಟದಲ್ಲಿ ಎಡಕ್ಕೆ ಬಾಯಿ ಇರುವ ಅರಿಯೋಫಾಂಟಾ ಎಂಬ ಬಸವನಹುಳುಗಳೂ ಇವೆ. ಆಮೇಲೆ ಬಾಲ. ಕೆಲವು ಜಾತಿಗಳಿಗೆ ಚಿಪ್ಪಿನ ಬಾಯಿಗೆ ಮುಚ್ಚಳ ಇರುತ್ತದೆ, ತೆವಳುವಾಗ ಅದು ಬಾಲದ ಮೇಲೆ ಕಾಣುತ್ತದೆ. ಅಂಥವಕ್ಕೆ ಕಣ್ಣು ಮೀಸೆಯ ಬುಡದಲ್ಲಿ. ಇದಕ್ಕೆ ಮುಚ್ಚಳ ಇಲ್ಲ, ಕಣ್ಣು ಉದ್ದ ಮೀಸೆಯ ತುದಿಯಲ್ಲಿ.

ಎಲ್ಲ ಕೂಡಿಸಿದಾಗ ಇಂಡ್ರೆಲ್ಲಾ ಆಂಪುಲ್ಲಾ ಎಂದು ತಿಳಿಯಿತು. ಚಿಪ್ಪುಜೀವಿಗಳ ತಜ್ಞ ಬೆನ್ಸನ್ 1850ರಲ್ಲಿ ವಿವರಿಸಿದ ಜಾತಿ. ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲ. ಇಂಡ್ರೆಲ್ಲಾ ಕುಲದಲ್ಲಿ ಇರುವುದೂ ಇದೊಂದೇ.

ಫೋಟೋಕ್ಕಿಂತ ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಅವತ್ತು ಜಾಗದ ಬಗ್ಗೆ ಬರೆದಿಟ್ಟ ನಾಲ್ಕು ಸಾಲು. ಬಿಸಿಲು ಬೀಳದ ನೆರಳು, ಒದ್ದೆ ತರಗೆಲೆ, ಕೊಳೆತ ಮರದ ದಿಮ್ಮಿ, ಸಂಜೆ ಮಳೆ ನಿಂತ ಹೊತ್ತು. ಫೆಬ್ರವರಿಯಲ್ಲಿ ಅದೇ ದಿಮ್ಮಿಯ ಸುತ್ತ ಅರ್ಧ ದಿನ ಹುಡುಕಿದೆ. ತರಗೆಲೆ ಹಪ್ಪಳದ ಹಾಗೆ ಒಣಗಿತ್ತು, ಒಂದೂ ಕಾಣಲಿಲ್ಲ. ಈ ಹುಳು ಬದುಕುವುದು ಆ ತೇವದಲ್ಲಿ. ಮರ ಕಡಿದು ಬಿಸಿಲು ಬಿಟ್ಟರೆ ಅದು ಎಲ್ಲಿಗೆ ಹೋಗಬೇಕು, ಹೇಳಿ?

ಮೊನ್ನೆ ಮಳೆಯಲ್ಲಿ ಭಾವನ ಫೋನ್ ಬಂತು. ಅವರ ಮನೆಯ ನಾಗಬನದಿಂದ.

"ಭಾವಾ, ಇಲ್ಲೊಂದು ಚಿಪ್ಪು ಸಿಕ್ಕಿತು. ತುದಿ ಮೇಲೆ ಮಾಡಿಯೇ ಹಿಡಿದಿದ್ದೇನೆ. ಬಾಯಿ ಎಡಕ್ಕೆ ಉಂಟು!"