ಕಾರ್ಡ್ ಗೇಮ್ ಬೆಳ್ಳಿ ನಾಣ್ಯ ತರಿಸೋದು ಸುಲಭ, ನಮ್ಮ ಮಳೆಗಾಲದಲ್ಲಿ ಉಳಿಸ್ಕೊಳ್ಳೋದು ಹೇಗೆ?

ಸ್ಕೂಲ್ ಬ್ಯಾಗಲ್ಲಿ ಪೋಕೆಮಾನ್ ಅನ್ನೋ ಕಾರ್ಟೂನ್ ಪ್ರಾಣಿಗಳ ಆಟದ ಕಾರ್ಡ್ ಬಚ್ಚಿಟ್ಕೊಂಡು ಓಡಾಡ್ತಿದ್ದ ಹುಡುಗ್ರು ಈಗ ಕೆಲಸಕ್ಕೆ ಸೇರಿದಾರೆ, ಕೈಯಲ್ಲಿ ನಾಲ್ಕು ಕಾಸು ಓಡಾಡ್ತಿದೆ, ಹಂಗಾಗಿ ಅದೇ ಚಿತ್ರ ಇರೋ ಬೆಳ್ಳಿ ನಾಣ್ಯ ಹೊರದೇಶದಿಂದ ತರಿಸ್ಕೊಳ್ತಿದಾರೆ. ಹಾಸನದಲ್ಲೂ ಇದಾರೆ, ಚಿಕ್ಕಮಗಳೂರಲ್ಲೂ ಇದಾರೆ. ತರಿಸೋದೇನೋ ಸರಿ, ಬಂದ ಮೇಲೆ ಮನೇಲಿ ಅದಕ್ಕೆ ಆಗೋ ಗತಿ ನೋಡಿದ್ರೆ ಹೊಟ್ಟೆ ಉರಿಯುತ್ತೆ. ನಮ್ಮಲ್ಲಿ ಬೆಳ್ಳಿ ಅಂದ್ರೆ ತೂಕ. ಕಪ್ಪಾದ್ರೆ ತಿಕ್ಕು, ಅನುಮಾನ ಬಂದ್ರೆ ಒರೆಗಲ್ಲಿಗೆ ಉಜ್ಜು, ಕಷ್ಟ ಬಂದ್ರೆ ಕರಗಿಸು. ದೀಪದ ಕಂಬಕ್ಕೆ, ಕುಂಕುಮದ ಬಟ್ಲಿಗೆ ಇದೆಲ್ಲ ನಡೆಯುತ್ತೆ. ಈ ನಾಣ್ಯಗಳಿಗೆ ನಡೆಯಲ್ಲ, ಯಾಕಂದ್ರೆ ನೀವು ಬೆಳ್ಳಿ ರೇಟಿಗಿಂತ ಜಾಸ್ತಿ ಕೊಟ್ಟಿರೋ ಅಷ್ಟೂ ದುಡ್ಡು ಇರೋದು ಅದರ ಮೇಲ್ಮೈ ಮೇಲೆ, ಕನ್ನಡಿ ಥರ ಹೊಳೆಯೋ ಹಿನ್ನೆಲೆ, ಮಂಜು ಕೂತ ಹಾಗಿರೋ ಚಿತ್ರ, ಮೇಲೆ ಪ್ರಿಂಟ್ ಮಾಡಿರೋ ಬಣ್ಣ. ಅದು ಹೋದ್ರೆ ಉಳಿಯೋದು 31 ಗ್ರಾಂ ಬೆಳ್ಳಿ ಅಷ್ಟೇ.

1. ನಾಣ್ಯಾನಾ, ಬಿಲ್ಲೆನಾ?

ನಾಣ್ಯದ ಮೇಲೆ ದೇಶದ ಹೆಸರು, ಮುಖಬೆಲೆ ಇರಬೇಕು. ಇಲ್ಲ ಅಂದ್ರೆ ಅದು ಬೆಳ್ಳಿ ಬಿಲ್ಲೆ. ಬಿಲ್ಲೆ ಕೆಟ್ಟದ್ದು ಅಂತಲ್ಲ, ಆದ್ರೆ ನಾಣ್ಯದ ರೇಟು ಕೊಟ್ಟು ಬಿಲ್ಲೆ ತಗೋಬೇಡಿ. ಇಂಥ ನಾಣ್ಯಗಳಲ್ಲಿ ನಿಯೂ ಅನ್ನೋ ಹೆಸರು ಜಾಸ್ತಿ ಕಾಣುತ್ತೆ. ಅದು ಪೆಸಿಫಿಕ್ ಸಾಗರದ ಪುಟ್ಟ ದ್ವೀಪ, ಜನಸಂಖ್ಯೆ ಎರಡು ಸಾವಿರ ಕೂಡ ಇಲ್ಲ, ಓಡೋದು ನ್ಯೂಜಿಲೆಂಡ್ ಡಾಲರ್. ಬೇರೆ ದೇಶದ ಟಂಕಸಾಲೆಗಳು ನಿಯೂ ಹೆಸರಲ್ಲಿ ನಾಣ್ಯ ಹೊಡೆದು ಮಾರ್ತವೆ, ನಿಯೂಗೆ ಅದರಿಂದ ಆದಾಯ. ಮೋಸ ಏನಿಲ್ಲ, ಕಾನೂನುಬದ್ಧ ನಾಣ್ಯನೇ. ಆದ್ರೆ ದೇಶದ ಹೆಸರಿದೆ ಅಂದ ತಕ್ಷಣ ಬೆಳ್ಳಿ ಅಂತ ತಿಳ್ಕೋಬೇಡಿ. 2001ರಲ್ಲಿ ನಿಯೂ ಹೆಸರಲ್ಲಿ ಬಂದ, ಪೋಕೆಮಾನ್‌ನ ಹಳದಿ ಪ್ರಾಣಿ ಪಿಕಾಚು ಚಿತ್ರದ ಒಂದು ಡಾಲರ್ ನಾಣ್ಯ ತಾಮ್ರ-ನಿಕ್ಕಲ್ ಮಿಶ್ರಲೋಹದ್ದು, ನೋಡೋಕೆ ಬೆಳ್ಳಗೇ ಇರುತ್ತೆ, ಅದನ್ನೇ ‘ಹಳೇ ಪೋಕೆಮಾನ್ ಸಿಲ್ವರ್’ ಅಂತ ಕಟ್ಟೋ ಜನ ಇದಾರೆ. ನಾಣ್ಯದ ಮೇಲೇ ತೂಕ ಮತ್ತೆ 999 (ಶೇ 99.9 ಶುದ್ಧ ಬೆಳ್ಳಿ) ಅಂತ ಕೆತ್ತಿದೆಯಾ ನೋಡಿ.

ಆನ್‌ಲೈನ್‌ನಲ್ಲಿ ‘ಸಿಲ್ವರ್ ಪ್ಲೇಟೆಡ್’, ‘ಸಿಲ್ವರ್ ಟೋನ್’, ‘ಜರ್ಮನ್ ಸಿಲ್ವರ್’ ಅಂತ ಇದ್ರೆ ಮುಂದಕ್ಕೆ ಹೋಗ್ತಾ ಇರಿ. ಜರ್ಮನ್ ಸಿಲ್ವರ್ ಅಂದ್ರೆ ತಾಮ್ರ, ನಿಕ್ಕಲ್, ಸತು, ಬೆಳ್ಳಿ ಚೂರೂ ಇರಲ್ಲ. ಇನ್ನು ಆಟದಲ್ಲಿ ಟಾಸ್ ಹಾಕೋಕೆ ಕಾರ್ಡ್ ಕಟ್ಟಿನ ಜೊತೆ ಬರೋ ಕಾಯಿನ್ ಇದೆಯಲ್ಲ, ಅದೇ ಡಿಸೈನ್‌ನ ಲೋಹದ ನಕಲು ಇನ್ನೂರು ಮುನ್ನೂರು ರೂಪಾಯಿಗೆ ಸಿಗುತ್ತೆ. ಮಕ್ಕಳು ಆಡೋಕೆ ತಗೊಳ್ಳಿ, ಬೀರುಲಿ ಇಡೋಕೆ ಬೇಡ.

2. ರೇಟು ಹಾಕೋದು, ತರಿಸೋದು

ಇಂಥ ನಾಣ್ಯದ ತೂಕ ಟ್ರಾಯ್ ಔನ್ಸ್ ಲೆಕ್ಕದಲ್ಲಿ ಹೇಳ್ತಾರೆ, ಒಂದು ಟ್ರಾಯ್ ಔನ್ಸ್ ಅಂದ್ರೆ 31.1 ಗ್ರಾಂ. ಆವತ್ತಿನ ಗ್ರಾಂ ರೇಟಿಗೆ ಗುಣಿಸಿ, ಅದರ ಮೇಲೆ ಎಷ್ಟು ಕೇಳ್ತಿದಾನೆ ಅಂತ ನೋಡಿ, ಆ ಜಾಸ್ತಿ ದುಡ್ಡು ಚಿತ್ರದ ಮೇಲಿನ ಪ್ರೀತಿಗೆ ಕೊಡ್ತಿದೀನಿ ಅಂತ ಮನಸ್ಸಿಗೆ ಒಪ್ಪಿದ್ರೆ ಮಾತ್ರ ಕೊಡಿ. ಬೆಳ್ಳಿ ಮೇಲೆ ಹೂಡಿಕೆ ಮಾಡೋರು ಸುಮ್ನೆ ಗಟ್ಟಿ ತಗೊಳ್ಳಿ. ಹೊರಗಿಂದ ಬಂದ್ರೆ ಕಸ್ಟಮ್ಸ್ ಡ್ಯೂಟಿ, ಮೇಲೆ ಜಿಎಸ್‌ಟಿ ಇರುತ್ತೆ. ಡ್ಯೂಟಿ 2024ರ ಜುಲೈ ಬಜೆಟ್‌ನಲ್ಲಿ 15ರಿಂದ ಶೇ 6ಕ್ಕೆ ಇಳೀತು, ಇದು ಆಗಾಗ ಬದಲಾಗೋ ವಿಷ್ಯ, ಆರ್ಡರ್ ಮಾಡೋ ದಿನ ಚೆಕ್ ಮಾಡಿ. ‘ಗಿಫ್ಟ್ ಅಂತ ಬರೆಸಿಬಿಡಿ ಸಾರ್’ ಅನ್ನೋ ಮಾರಾಟಗಾರನ ಸಹವಾಸ ಬೇಡ, ಆ ದಾರಿ 2019ರ ಡಿಸೆಂಬರ್‌ನಲ್ಲೇ ಮುಚ್ಚಿದೆ, ರಾಖಿಗೆ, ಜೀವ ಉಳಿಸೋ ಔಷಧಿಗೆ ಬಿಟ್ಟು. ಕೊರಿಯರ್‌ನೋರು ಗುರುತಿನ ದಾಖಲೆ ಕೇಳ್ತಾರೆ, ಕೊಡಿ.

3. ಅಸಲಿ ಹೌದೋ ಅಲ್ವೋ

ಬಂದ ತಕ್ಷಣ ಎಲ್ಲರೂ ಹೋಗೋದು ಗೊತ್ತಿರೋ ಬೆಳ್ಳಿ ಅಂಗಡಿಗೆ. ಅವ್ರು ಕೈಗೆ ಸಿಕ್ಕ ಬೆಳ್ಳೀನ ಅಭ್ಯಾಸಬಲದಿಂದ ಒರೆಗಲ್ಲಿಗೆ ಎಳೀತಾರೆ, ಆಸಿಡ್ ಬಿಡ್ತಾರೆ. ನೀವು ಬೇಡ ಅನ್ನೋಷ್ಟರಲ್ಲಿ ಅಂಚಲ್ಲಿ ಗೀರು ಬಿದ್ದಿರುತ್ತೆ. ಅವರದ್ದೇನೂ ತಪ್ಪಿಲ್ಲ, ಅವರ ಕಣ್ಣಿಗೆ ಅದು ಬೆಳ್ಳಿ. ಹೋಗಲೇಬೇಕು ಅಂದ್ರೆ ಗೀರದೆ ಎಕ್ಸ್-ರೇಲಿ ಲೋಹದ ಶುದ್ಧತೆ ಹೇಳೋ ಕ್ಯಾರೆಟ್ ಮೀಟರ್ ಮೆಷಿನ್ ಇರೋ ಕಡೆ ಹೋಗಿ, ಬಾಗಿಲಲ್ಲೇ ‘ಅಣ್ಣ, ಮೆಷಿನ್‌ನಲ್ಲಿ ಮಾತ್ರ ನೋಡಿ, ಉಜ್ಜಬೇಡಿ’ ಅಂತ ಹೇಳಿಬಿಡಿ. ಆ ಮೆಷಿನ್ ನೋಡೋದೂ ಮೇಲಿನ ತೆಳು ಪದರ ಅಷ್ಟೇ, ದಪ್ಪಗೆ ಬೆಳ್ಳಿ ಲೇಪ ಕೊಟ್ಟಿದ್ರೆ ಅದಕ್ಕೂ ಮೋಸ ಆಗುತ್ತೆ.

ಅದಕ್ಕಿಂತ ಮನೇಲೇ ತೂಗಿ ನೋಡೋದು ಒಳ್ಳೇದು. 0.01 ಗ್ರಾಂ ತೋರ್ಸೋ ಪಾಕೆಟ್ ತಕ್ಕಡಿ ಬೇಕು. ತಕ್ಕಡಿ ಸರಿ ಇದೆಯಾ ಅಂತ ಗೊತ್ತಾಗಬೇಕಂದ್ರೆ 2011ರಿಂದ 2018ರವರೆಗಿನ, ರೂಪಾಯಿ ಚಿಹ್ನೆ ಇರೋ ಮಾಮೂಲಿ ಐದು ರೂಪಾಯಿ ನಾಣ್ಯ ಐದು ಹುಡುಕಿ, ಸವೆದಿರಬಾರದು, ಒಂದೊಂದು 6 ಗ್ರಾಂ, ಐದಕ್ಕೆ 30 ಗ್ರಾಂ ಆಸುಪಾಸು ತೋರಿಸ್ಬೇಕು. ಆಮೇಲೆ ನಾಣ್ಯಾನ ಕ್ಯಾಪ್ಸೂಲ್ (ಅದು ಕೂತು ಬರೋ ಪಾರದರ್ಶಕ ಪ್ಲಾಸ್ಟಿಕ್ ಕವಚ) ಸಮೇತ ಇಡಿ, ಅದೇ ಸೈಜಿನ ಖಾಲಿ ಕ್ಯಾಪ್ಸೂಲ್ ತೂಕ ಕಳೀರಿ. ಒಂದು ಔನ್ಸ್ ನಾಣ್ಯ 31.1ಕ್ಕಿಂತ ಎದ್ದು ಕಾಣೋಷ್ಟು ಕಮ್ಮಿ ಬಂದ್ರೆ ಅನುಮಾನ ಪಡಿ. ತೂಕ ಸರಿ ಇದ್ದು ವ್ಯಾಸವೋ ದಪ್ಪವೋ ಟಂಕಸಾಲೆ ಹೇಳಿದ್ದಕ್ಕಿಂತ ಜಾಸ್ತಿ ಇದ್ರೂ ಅನುಮಾನನೇ, ಯಾಕಂದ್ರೆ ತಾಮ್ರ-ನಿಕ್ಕಲ್ ಬೆಳ್ಳಿಗಿಂತ ಹಗುರ, ಅಷ್ಟೇ ತೂಕ ಬರಬೇಕಂದ್ರೆ ನಾಣ್ಯ ದೊಡ್ಡದಾಗಲೇಬೇಕು. ಅಯಸ್ಕಾಂತಕ್ಕೆ ಅಂಟಿದ್ರೆ ಖಂಡಿತ ನಕಲಿ, ಅಂಟಲಿಲ್ಲ ಅಂದ್ರೆ ಏನೂ ಸಾಬೀತಾಗಲ್ಲ, ತಾಮ್ರನೂ ಅಂಟಲ್ಲ.

ನೀರಲ್ಲಿ ಮುಳುಗಿಸಿ ಸಾಂದ್ರತೆ ನೋಡೋ ವಿಧಾನ ಪಕ್ಕಾ: ಬೆಳ್ಳಿ ಸಾಂದ್ರತೆ 10.49, ಒಂದು ಔನ್ಸ್ ನಾಣ್ಯ ಹತ್ತಿರ ಹತ್ತಿರ 2.96 ಗ್ರಾಂ ನೀರು ಪಕ್ಕಕ್ಕೆ ತಳ್ಳುತ್ತೆ, ತಾಮ್ರ-ನಿಕ್ಕಲ್ ಆದ್ರೆ 3.5ರ ಹತ್ತಿರ. ಆದ್ರೆ ಬಣ್ಣದ ನಾಣ್ಯಕ್ಕೆ, ಪ್ರೂಫ್ ನಾಣ್ಯಕ್ಕೆ (ಕನ್ನಡಿ ಥರ ಹೊಳೆಯೋ ಹಿನ್ನೆಲೆ ಇರೋದಕ್ಕೆ) ಇದನ್ನ ಮಾಡಲೇಬೇಡಿ, ನೀರಿನ ಕಲೆ ಕೂತ್ರೆ ಹೋಗಲ್ಲ. ಐಸ್ ತುಂಡು ಇಟ್ಟು ವಿಡಿಯೋ ಮಾಡೋದು, ಟಣ್ ಅನ್ಸೋಕೆ ಬೆರಳಲ್ಲಿ ಚಿಮ್ಮೋದು, ಇವೆಲ್ಲ ಫೋನಲ್ಲಿ ನೋಡೋಕಷ್ಟೇ ಚೆಂದ.

4. ಎಲ್ಲರೂ ಹಾಳು ಮಾಡೋ ಜಾಗ: ಇಡೋದು

ಬೆಳ್ಳಿ ಕಪ್ಪಾಗೋದು ಗಂಧಕದಿಂದ. ಗಾಳಿಲಿ ಇರೋ ಚೂರು ಹೈಡ್ರೋಜನ್ ಸಲ್ಫೈಡ್ ಸಾಕು, ಜೊತೆಗೆ ತೇವ ಇದ್ರೆ ಕೆಲಸ ಇನ್ನೂ ಬೇಗ ಆಗುತ್ತೆ. ಹಾಸನ ಪೇಟೆ ಕಡೆ ಪರವಾಗಿಲ್ಲ, ಸಕಲೇಶಪುರ ದಾಟಿದ್ರೆ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಆದ್ರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೂ ಬೂಷ್ಟು ಹಿಡಿಯುತ್ತೆ, ನಾಣ್ಯದ ಬಾಕ್ಸ್ ಬಿಡುತ್ತಾ.

ಹಂಗಾಗಿ ಮೊದ್ಲು ಸಮಯ. ನಾಣ್ಯ ಪ್ಯಾಕ್ ಮಾಡೋದು ಶಿವರಾತ್ರಿ ಹೊತ್ತಿಗೆ, ಬಿಸಿಲು ಕಾದಿರೋ ಮಧ್ಯಾಹ್ನ. ಆರಿದ್ರಾ ಮಳೆ ಹಿಡಿದ ಮೇಲೆ ಕ್ಯಾಪ್ಸೂಲ್ ತೆಗೆದು ಮುಚ್ಚಿದ್ರೆ ತೇವಾನ ಒಳಗೇ ಕೂಡಿ ಹಾಕ್ದಂಗೆ. ಸರಿಯಾಗಿ ಒಣಗದ ಕಾಫಿ ಚೀಲಕ್ಕೆ ತುಂಬಿದ್ರೆ ಏನಾಗುತ್ತೆ ಅಂತ ತೋಟದೋರಿಗೆ ಹೇಳಬೇಕಾಗಿಲ್ಲ, ಇದೂ ಹಂಗೇ. ಮಳೇಲಿ ಪಾರ್ಸೆಲ್ ಬಂದ್ರೆ ಕ್ಯಾಪ್ಸೂಲ್ ಮುಟ್ಟದೆ ಹಂಗೇ ಡಬ್ಬಿಗೆ ಹಾಕಿಡಿ.

ಕ್ಯಾಪ್ಸೂಲ್ ಒಡೆದು ಬಂದಿದ್ರೆ ಮಾತ್ರ ಬದಲಾಯಿಸಿ, ಇಲ್ಲ ಅಂದ್ರೆ ತೆಗೀಲೇಬೇಡಿ. ಬದಲಾಯಿಸೋ ಮುಂಚೆ ವ್ಯಾಸ ನೋಡಿ ಅದೇ ಸೈಜಿನ ಗಟ್ಟಿ ಅಕ್ರಿಲಿಕ್ ಕ್ಯಾಪ್ಸೂಲ್ ತರಿಸಿ. ‘ಒಂದು ಔನ್ಸ್ ಕ್ಯಾಪ್ಸೂಲ್’ ಅಂತ ಕೇಳಿದ್ರೆ ಸಾಲದು, ಒಂದೇ ತೂಕದ ನಾಣ್ಯಗಳಲ್ಲೂ ವ್ಯಾಸ ಬೇರೆ ಬೇರೆ, ಕೆನಡಾದ ಮೇಪಲ್ ಲೀಫ್ 38 ಮಿಮೀ, ಅಮೆರಿಕದ ಸಿಲ್ವರ್ ಈಗಲ್ 40.6. ಸಡಿಲ ಇದ್ರೆ ನಾಣ್ಯ ಒಳಗೇ ಅಲ್ಲಾಡಿ ಗೀರಾಗುತ್ತೆ. ಮಂಚದ ಮೇಲೆ ಕೂತು, ಕೆಳಗೆ ದಪ್ಪ ಟವೆಲ್ ಹಾಸಿ, ಫ್ಯಾನ್ ಆಫ್ ಮಾಡಿ. ಕೈಗೆ ನೈಟ್ರೈಲ್ ಗ್ಲೌಸ್, ರಬ್ಬರ್‌ದು ಬೇಡ, ರಬ್ಬರಲ್ಲೇ ಗಂಧಕ ಇರುತ್ತೆ, ಬಟ್ಟೆ ಗ್ಲೌಸ್ ಜಾರುತ್ತೆ. ಹಳೇ ಕ್ಯಾಪ್ಸೂಲ್‌ನ ಅಂಚಿಗೆ ಎರಡೂ ಹೆಬ್ಬೆರಳ ಉಗುರು ಕೊಟ್ಟು ಸುತ್ತ ತಿರುಗಿಸ್ತಾ ಸ್ವಲ್ಪ ಸ್ವಲ್ಪನೇ ಬಿಡಿಸಿ, ಚಾಕು ಸ್ಕ್ರೂಡ್ರೈವರ್ ತರಬೇಡಿ, ಜಾರಿದ್ರೆ ನೇರ ಪಿಕಾಚು ಮುಖಕ್ಕೆ. ನಾಣ್ಯ ಹಿಡಿಯೋದು ಅಂಚಲ್ಲಿ ಮಾತ್ರ. ಆ ಹೊತ್ತಲ್ಲಿ ಮಾತಾಡಬೇಡಿ, ತಮಾಷೆಗೆ ಹೇಳ್ತಿಲ್ಲ, ಬಾಯಿಂದ ಹಾರೋ ಸಣ್ಣ ಹನಿ ಈಗ ಕಾಣಲ್ಲ, ಆಮೇಲೆ ಕಪ್ಪು ಚುಕ್ಕಿಯಾಗಿ ಏಳುತ್ತೆ. ಧೂಳಿದ್ರೆ ಬಾಯಲ್ಲಿ ಊದಬೇಡಿ, ಕ್ಯಾಮೆರಾ ಲೆನ್ಸಿಗೆ ಗಾಳಿ ಹೊಡೆಯೋ ರಬ್ಬರ್ ಬುಡ್ಡೆ ಸಿಗುತ್ತಲ್ಲ, ಅದರಲ್ಲಿ ದೂರದಿಂದ ಊದಿ. ಒರೆಸೋ ಮಾತೇ ಇಲ್ಲ.

ಕ್ಯಾಪ್ಸೂಲ್ ಆದ ಮೇಲೆ ಜಿಪ್ ಕವರ್, ಅದರ ಮೇಲೆ ಬಿಗಿಯಾಗಿ ಮುಚ್ಚೋ ಪ್ಲಾಸ್ಟಿಕ್ ಡಬ್ಬಿ, ಡಬ್ಬಿ ಒಳಗೆ ಸಿಲಿಕಾ ಜೆಲ್. ನನ್ನ ಕೇಳಿದ್ರೆ ಕಿತ್ತಳೆ ಬಣ್ಣದ್ದು ತಗೊಳ್ಳಿ, ತೇವ ಕುಡಿದ ಮೇಲೆ ಬಣ್ಣ ಬದಲಾಗುತ್ತೆ. ನೀಲಿಯದ್ದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತೆ, ಮಕ್ಕಳಿರೋ ಮನೆಗೆ ಬೇಡ. ಬಣ್ಣ ಹೋದಾಗ ಓವನ್‌ನಲ್ಲಿ 110–120 ಡಿಗ್ರಿಗೆ ಬಿಸಿ ಮಾಡಿದ್ರೆ ಮತ್ತೆ ಕೆಲಸಕ್ಕೆ ಬರುತ್ತೆ, ದೋಸೆ ಕಾವಲಿಲಿ ಹುರೀಬೇಡಿ. ಡಬ್ಬಿಲಿ ತೇವ ಅಳೆಯೋ ಸಣ್ಣ ಹೈಗ್ರೋಮೀಟರ್ ಇಟ್ಟು ತೇವ ಶೇ 50ರ ಕೆಳಗೆ ಇರೋ ಹಂಗೆ ನೋಡ್ಕೊಳ್ಳಿ. ಅಕ್ಕಿ ಡಬ್ಬದಲ್ಲಿ ಹುದುಗಿಸೋ ಉಪಾಯದಲ್ಲಿ ಅಂಟೋದು ಧೂಳು ಅಷ್ಟೇ. ಕರ್ಪೂರ, ನುಸಿ ಗುಳಿಗೆ ಹತ್ತಿರಾನೂ ಬರಬಾರದು.

ಎಲ್ಲಕ್ಕಿಂತ ಕೆಟ್ಟದ್ದು ಸ್ಟೇಷನರಿ ಅಂಗಡಿಲಿ ಸಿಗೋ ಮೆತ್ತನೆ ಪ್ಲಾಸ್ಟಿಕ್ ಹಾಳೆಯ ನಾಣ್ಯದ ಆಲ್ಬಂ. ತೆಗೆದ ಕೂಡ್ಲೆ ಹೊಸ ರೆಕ್ಸಿನ್ ವಾಸನೆ ಬಂದ್ರೆ ಅದು ಪಿವಿಸಿ, ಅದು ಕೊಳೀತಾ ಆಸಿಡ್ ಬಿಡುತ್ತೆ, ನಾಣ್ಯದ ಮೇಲೆ ಹಸಿರು ಅಂಟು ಕೂರುತ್ತೆ. ಅಸಿಟೋನ್‌ನಲ್ಲಿ ಹೋಗುತ್ತೆ ಅಂತಾರೆ, ಹೌದು, ಜೊತೆಗೆ ನಿಮ್ಮ ಬಣ್ಣದ ಪ್ರಿಂಟೂ ಹೋಗಬಹುದು. ಅಂಗಡಿಯೋರು ಸುತ್ತಿಕೊಡೋ ಗುಲಾಬಿ ಪೇಪರ್, ರಬ್ಬರ್ ಬ್ಯಾಂಡ್, ನ್ಯೂಸ್ ಪೇಪರ್ ಮೂರನ್ನೂ ಆಚೆ ಹಾಕಿ. ಇನ್ನೊಂದು ಮಾತು ಕೆಲವ್ರಿಗೆ ಸೇರಲ್ಲ: ನಾಣ್ಯದ ಜೊತೆ ಬಂದ ಚೆಂದದ ಮರದ ಬಾಕ್ಸ್, ಮಖಮಲ್ ಬಾಕ್ಸ್ ಒಳಗೂ ನಾಣ್ಯ ಇಡಬೇಡಿ. ಆ ಮರ, ಅಂಟು, ಫೋಮ್ ಬಿಡೋ ಆವಿನೇ ಬೆಳ್ಳಿಗೆ ಆಗಲ್ಲ. ಬಾಕ್ಸ್ ಬೇರೆ, ಸರ್ಟಿಫಿಕೇಟ್ ಬೇರೆ, ನಾಣ್ಯ ಬೇರೆ. ಬಿಸಾಕಬೇಡಿ ಅಷ್ಟೇ, ಮಾರೋವಾಗ ಕೇಳ್ತಾರೆ.

5. ಮನೆಯವರಿಗೆ ಹೇಳಿಡಿ

ಇದೂ ಒಂದು ಹಂತನೇ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಅಮ್ಮಂದಿರು ಮನೇಲಿರೋ ಬೆಳ್ಳಿ ನಾಣ್ಯ ಎಲ್ಲ ಹುಡುಕಿ ತೆಗೀತಾರೆ. ಕ್ಯಾಪ್ಸೂಲ್ ತೆಗೆದು, ಹುಣಸೆಹಣ್ಣಲ್ಲಿ ತೊಳೆದು, ಅರಿಶಿನ ಕುಂಕುಮ ಹಚ್ಚಿ ಕಳಶದ ನೀರಿಗೆ ಬಿಟ್ಟ ಚಾರಿಜಾರ್ಡ್ (ಇನ್ನೊಂದು ಪೋಕೆಮಾನ್) ನಾಣ್ಯಾನ ಕಣ್ಣಾರೆ ನೋಡಿದೀನಿ. ‘ಎಷ್ಟು ಪಳಪಳ ಅಂತಿದೆ ನೋಡು’ ಅಂತ ಆ ತಾಯಿಗೆ ಸಂತೋಷ, ಮಗ ಮಾತಾಡೋ ಸ್ಥಿತೀಲಿ ಇರ್ಲಿಲ್ಲ. ಹಬ್ಬಕ್ಕೆ ಅಂತ್ಲೇ ಒಂದು ಲಕ್ಷ್ಮಿ ನಾಣ್ಯ ತಂದುಕೊಟ್ಟುಬಿಡಿ.

6. ಆಗ್ಲೇ ಕಪ್ಪಾಗಿದ್ರೆ

ಬಿಟ್ಟುಬಿಡಿ. ಹಲ್ಲುಪುಡಿ, ವಿಭೂತಿ, ಪಾತ್ರೆ ಪುಡಿ ಯಾವುದರಲ್ಲಿ ತಿಕ್ಕಿದ್ರೂ ಕೂದಲೆಳೆ ಗೀರು ಬೀಳುತ್ತೆ. ಅಡುಗೆ ಸೋಡಾ, ಅಲ್ಯೂಮಿನಿಯಂ ಫಾಯಿಲ್ ಉಪಾಯ ದೀಪಗಳಿಗೆ ಒಳ್ಳೇದು, ಪ್ರೂಫ್ ನಾಣ್ಯದ ಹೊಳಪನ್ನ ಮಂಕು ಮಾಡುತ್ತೆ. ಅದ್ದಿ ತೆಗೆಯೋ ಸಿಲ್ವರ್ ಡಿಪ್ ಬೆಳ್ಳಿಯ ಒಂದು ಪದರಾನೇ ತಿಂದು ಹೊಳೆಸೋದು. ಪಿಸಿಜಿಎಸ್, ಎನ್‌ಜಿಸಿ ಥರ 70 ಅಂಕದ ಮೇಲೆ ಗ್ರೇಡ್ ಕೊಡೋ ಕಂಪನಿಗಳು ತೊಳೆದ ನಾಣ್ಯಕ್ಕೆ ಅಂಕವನ್ನೇ ಕೊಡಲ್ಲ, ‘ಕ್ಲೀನ್ಡ್’ ಅಂತ ಬರೆದು ವಾಪಸ್ ಕಳಿಸ್ತವೆ. ಹಾಲಿನ ಹನಿ ಥರ ಬಿಳೀ ಕಲೆ ಎದ್ದಿದ್ರೆ ಅದು ನಿಮ್ಮ ತಪ್ಪಲ್ಲ, ಟಂಕಸಾಲೆಯಿಂದಲೇ ಬರೋ ರೋಗ, ಅದನ್ನ ತಡೆಯೋಕೆ ಅಂತ ಕೆನಡಾ ಟಂಕಸಾಲೆ 2018ರಲ್ಲಿ ಮಿಂಟ್‌ಶೀಲ್ಡ್ ಅನ್ನೋ ತಂತ್ರ ತಂತು.

7. ಮಾರೋದು

ಬೆಳ್ಳಿ ಅಂಗಡಿಗೆ ಕೊಡಬೇಡಿ, ತೂಕಕ್ಕೆ ತಗೋತಾರೆ, ಅದರಲ್ಲೂ ಕಡಿತ. ಕಾರ್ಡ್ ಸಂಗ್ರಹ ಮಾಡೋರಿಗೇ ಮಾರಿ. ಕಿಟಕಿ ಪಕ್ಕದ ಬೆಳಕಲ್ಲಿ, ಫ್ಲ್ಯಾಶ್ ಇಲ್ಲದೆ ಎರಡೂ ಬದಿ ಫೋಟೋ, ತಕ್ಕಡಿ ಮೇಲಿರೋ ಒಂದು ಫೋಟೋ, ಸರ್ಟಿಫಿಕೇಟಿನ ನಂಬರ್ ಮುಚ್ಚಿ ಒಂದು ಫೋಟೋ. ಕಲೆ ಇದ್ರೆ ಕಲೆ ತೋರಿಸಿ. ಕಳಿಸೋವಾಗ ಕ್ಯಾಪ್ಸೂಲ್ ಮೇಲೆ ನೇರ ಸೆಲೋಟೇಪ್ ಸುತ್ತಬೇಡಿ, ಕೊಂಡೋನು ಅದನ್ನ ಬಿಡಿಸೋಕೆ ಬ್ಲೇಡ್ ತಗೋತಾನೆ. ಜಿಪ್ ಕವರ್‌ಗೆ ಹಾಕಿ, ಎರಡು ರಟ್ಟಿನ ಮಧ್ಯೆ ಇಟ್ಟು, ಟೇಪು ರಟ್ಟಿಗೆ ಹಾಕಿ, ಇನ್ಶೂರೆನ್ಸ್ ಮಾಡಿಸಿ ಪೋಸ್ಟ್ ಮಾಡಿ.